ಬೋಲ್ಡ್ ಒತ್ತಬೇಕಾ, ಸ್ಟೈಲ್ ಹಾಕಬೇಕಾ? ವರ್ಡ್, ರೈಟರ್, ಡಾಕ್ಸ್, ಪೇಜಸ್‌ಗಳಲ್ಲಿ ಯಾರಿಗೆ ಯಾವುದು ಸುಲಭ

ಕಳೆದ ವರ್ಷ ನನ್ನ ಕೈಗೆ ಒಂದು ವರದಿ ಬಂತು. 140 ಪುಟ. "ಹೆಡಿಂಗ್‌ಗಳೆಲ್ಲ ನೀಲಿ ಇವೆ, ಕಪ್ಪು ಮಾಡಿ. ಮೊದಲ ಪುಟದಲ್ಲಿ ಒಂದು ಪರಿವಿಡಿ ಹಾಕಿಬಿಡಿ. ಅಷ್ಟೇ ಕೆಲಸ" ಅಂದರು ಕೊಟ್ಟವರು. ಹತ್ತು ನಿಮಿಷದಲ್ಲಿ ಮುಗಿಯುತ್ತೆ ಅಂದುಕೊಂಡು ಫೈಲ್ ತೆರೆದೆ. ಮೊದಲ ಹೆಡಿಂಗ್ ಮೇಲೆ ಕರ್ಸರ್ ಇಟ್ಟೆ. ಸ್ಟೈಲ್ (ಫಾಂಟ್, ಸೈಜ್, ಬಣ್ಣ ಎಲ್ಲ ಒಂದು ಹೆಸರಿನಡಿ ಕಟ್ಟಿಟ್ಟ ಗಂಟು) ಹೆಸರು 'ನಾರ್ಮಲ್', ಅಂದರೆ ಮಾಮೂಲಿ ಪ್ಯಾರಾ. ಎರಡನೆಯದೂ ನಾರ್ಮಲ್, ಮೂರನೆಯದೂ ನಾರ್ಮಲ್. ಬರೆದವರು ಒಂದೊಂದು ಹೆಡಿಂಗನ್ನೂ ಸೆಲೆಕ್ಟ್ ಮಾಡಿ, ಬೋಲ್ಡ್ ಒತ್ತಿ, 16 ಸೈಜ್ ಕೊಟ್ಟು, ನೀಲಿ ಬಳಿದಿದ್ದರು. ಕೆಲವು ಕಡೆ 16, ಕೆಲವು ಕಡೆ 15. ಎರಡು ಕಡೆ ನೀಲಿಯೇ ಬೇರೆ ನೀಲಿ. ಅಧ್ಯಾಯ ಹೊಸ ಪುಟದಲ್ಲಿ ಶುರುವಾಗಲಿ ಅಂತ ಎಂಟರ್ ಒತ್ತಿ ಒತ್ತಿ ಕೆಳಗೆ ತಳ್ಳಿದ್ದರು. ನನಗೆ ಎರಡು ದಿನ ಹಿಡಿಯಿತು.

ಅವರನ್ನು ಬೈಯಲು ಮನಸ್ಸು ಬರಲಿಲ್ಲ. ಬೋಲ್ಡ್ ಬಟನ್ ಕಣ್ಣೆದುರೇ ಇದೆ. ಒತ್ತಿದ ಕೂಡಲೇ ಅಕ್ಷರ ದಪ್ಪ ಆಗುತ್ತೆ. ಸ್ಟೈಲ್ ಹಾಗಲ್ಲ. 'ಇದು ಹೇಗೆ ಕಾಣಬೇಕು' ಅಂತ ನೀವು ಯೋಚಿಸುತ್ತಿದ್ದರೆ, ಅದು 'ಇದು ಏನು, ಹೆಡಿಂಗಾ, ಪ್ಯಾರಾನಾ, ಯಾರದೋ ಮಾತಾ' ಅಂತ ಕೇಳುತ್ತದೆ. ಬರೆಯುವ ಭರದಲ್ಲಿ ಇರುವವರಿಗೆ ಈ ಪ್ರಶ್ನೆ ಅಡ್ಡ ಬಂದಂತೆ ಅನಿಸುವುದು ಸಹಜ.

ಇದು ಹೊಸ ವಿಷಯವೂ ಅಲ್ಲ. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಬ್ರಾವೊ ಎಂಬ ಬರೆಯುವ ಸಾಫ್ಟ್‌ವೇರ್ ಕಟ್ಟಿದವರಲ್ಲಿ ಚಾರ್ಲ್ಸ್ ಸಿಮೋನಿ ಒಬ್ಬರು. 1981ರಲ್ಲಿ ಅವರು ಮೈಕ್ರೋಸಾಫ್ಟ್ ಸೇರಿ ವರ್ಡ್ ಕೆಲಸಕ್ಕೆ ಕೈ ಹಾಕಿದರು. 1983ರಲ್ಲಿ ಡಾಸ್ ಎಂಬ ಹಳೇ ಆಪರೇಟಿಂಗ್ ಸಿಸ್ಟಮ್‌ಗೆ ಬಂದ ಮೊದಲ ವರ್ಡ್‌ನಲ್ಲೇ ಸ್ಟೈಲ್ ಶೀಟ್ ಇತ್ತು. ಅಂದರೆ 40 ವರ್ಷ ದಾಟಿದ ಸೌಲಭ್ಯ. ಆದರೂ ನನ್ನ ಮೇಜಿಗೆ ಬರುವ ಫೈಲ್‌ಗಳಲ್ಲಿ ಮುಕ್ಕಾಲು ಪಾಲು ಬರೀ ನಾರ್ಮಲ್. ತಪ್ಪು ಬರೆಯುವವರದ್ದಕ್ಕಿಂತ ಜಾಸ್ತಿ ಸಾಫ್ಟ್‌ವೇರ್‌ನದ್ದು ಅಂತ ನನಗೆ ಅನಿಸುತ್ತದೆ. ಹಾಗಾಗಿ ಮೈಕ್ರೋಸಾಫ್ಟ್ ವರ್ಡ್, ಲಿಬ್ರೆ ಆಫೀಸ್ ರೈಟರ್, ಗೂಗಲ್ ಡಾಕ್ಸ್, ಆ್ಯಪಲ್ ಪೇಜಸ್ ಎಂಬ ನಾಲ್ಕು ಬರೆಯುವ ಸಾಫ್ಟ್‌ವೇರ್‌ಗಳ ಈ ಹೋಲಿಕೆಯಲ್ಲಿ ಯಾವುದರಲ್ಲಿ ಸೌಲಭ್ಯ ಜಾಸ್ತಿ ಅಂತ ನೋಡುತ್ತಿಲ್ಲ. ಸ್ಟೈಲ್ ಗೊತ್ತಿಲ್ಲದವರಿಗೆ ಯಾವುದು ಕಡಿಮೆ ಕಾಟ ಕೊಡುತ್ತದೆ ಅಂತ ನೋಡುತ್ತಿದ್ದೇನೆ.

ಮೊದಲು, ನಿಮಗೆ ಸ್ಟೈಲ್ ಬೇಕಾ?

ಎಲ್ಲರಿಗೂ ಬೇಕಿಲ್ಲ. ಒಂದು ಪುಟದ ಪತ್ರ, ಗೋಡೆಗೆ ಅಂಟಿಸುವ ಸೂಚನೆ, ಒಮ್ಮೆ ಪ್ರಿಂಟ್ ತೆಗೆದು ಮರೆತುಬಿಡುವ ಅರ್ಜಿ: ಇವಕ್ಕೆಲ್ಲ ಬೋಲ್ಡ್ ಒತ್ತಿ, ಸೈಜ್ ಏರಿಸಿ ಮುಗಿಸಿ. ಇದನ್ನು ಇಲ್ಲಿ 'ಕೈಕೆಲಸ' ಅಂತ ಕರೆಯುತ್ತೇನೆ. ಕೈಕೆಲಸ ಕೀಳು ಅಂತೇನಲ್ಲ.

ಲೆಕ್ಕ ಹಾಕಬೇಕಾದ್ದು ಪುಟವನ್ನಲ್ಲ, ತಿದ್ದುಪಡಿಯನ್ನು. ನಾಲ್ಕೇ ಪುಟದ ನಿಯಮಾವಳಿ ಇರಬಹುದು, ವರ್ಷಕ್ಕೆ ಆರು ಸಲ ತಿದ್ದುತ್ತೀರಿ, ಮೂರು ಜನ ಕೈ ಆಡಿಸುತ್ತಾರೆ. ಅದಕ್ಕೆ ಸ್ಟೈಲ್ ಬೇಕೇ ಬೇಕು. ಪರಿವಿಡಿ ಬೇಕು ಅಂದರೂ ಬೇಕು, ಯಾಕಂದರೆ ಪರಿವಿಡಿ ತಾನಾಗಿ ಹುಟ್ಟುವುದು ಹೆಡಿಂಗ್ ಸ್ಟೈಲ್‌ಗಳಿಂದ. ದಪ್ಪ ನೀಲಿ ಅಕ್ಷರ ನಮ್ಮ ಕಣ್ಣಿಗೆ ಹೆಡಿಂಗ್. ಕಂಪ್ಯೂಟರಿಗೆ ಅದು ದಪ್ಪ ನೀಲಿ ಅಕ್ಷರ ಅಷ್ಟೇ. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಿಂದ ಓದುವಾಗ ಒಂದು ಹೆಡಿಂಗ್‌ನಿಂದ ಇನ್ನೊಂದಕ್ಕೆ ಹಾರಿ ಹೋಗುತ್ತಾರೆ. ಸ್ಟೈಲ್ ಇಲ್ಲದ ಫೈಲ್‌ನಲ್ಲಿ ಅವರಿಗೆ ಹಾರಲು ಮೆಟ್ಟಿಲೇ ಇಲ್ಲ, ಮೊದಲಿಂದ ಕೊನೆವರೆಗೆ ಕೇಳುತ್ತಾ ಕೂರಬೇಕು.

ಇನ್ನೊಂದು ಮಾತು. ಸಾಮಾನ್ಯ ಬಳಕೆಗೆ ಐದು ಸ್ಟೈಲ್ ಸಾಕು: ಶೀರ್ಷಿಕೆ, ದೊಡ್ಡ ಹೆಡಿಂಗ್, ಚಿಕ್ಕ ಹೆಡಿಂಗ್, ಮಾಮೂಲಿ ಪ್ಯಾರಾ, ಉಲ್ಲೇಖ. ವರ್ಡ್‌ನಲ್ಲಿ 9 ಹಂತದ ಹೆಡಿಂಗ್ ಇದೆ, ರೈಟರ್‌ನಲ್ಲಿ 10, ಗೂಗಲ್ ಡಾಕ್ಸ್‌ನಲ್ಲಿ 6. ಮೂರನೇ ಹಂತಕ್ಕಿಂತ ಕೆಳಗೆ ಇಳಿಯಬೇಕಾಗಿ ಬಂದರೆ ತೊಂದರೆ ಇರುವುದು ಸ್ಟೈಲ್‌ನಲ್ಲಿ ಅಲ್ಲ, ಬರವಣಿಗೆಯಲ್ಲಿ.

ನಾಲ್ಕೂ ಸಾಫ್ಟ್‌ವೇರ್‌ಗಳನ್ನು ನಾನು ಮೂರು ವಿಷಯ ಇಟ್ಟುಕೊಂಡು ನೋಡಿದ್ದೇನೆ. ತೆರೆದ ಕೂಡಲೇ ಎಷ್ಟು ಹೆಸರು ಮುಖಕ್ಕೆ ರಾಚುತ್ತವೆ? ಒಂದು ಕಡೆ ಬದಲಿಸಿದ್ದನ್ನು ಎಲ್ಲ ಕಡೆಗೂ ಹರಡುವುದು ಎಷ್ಟು ಕ್ಲಿಕ್‌ನ ಕೆಲಸ? ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಸ್ಟೈಲ್ ಮೇಲೆ ಯಾರಾದರೂ ಕೈಕೆಲಸ ಮಾಡಿದ್ದರೆ ಅದು ಕಣ್ಣಿಗೆ ಕಾಣುತ್ತಾ, ಇಲ್ಲ ಮುಚ್ಚಿಟ್ಟುಕೊಂಡು ಆಮೇಲೆ ಕಾಡುತ್ತಾ?

ವರ್ಡ್: ಎಲ್ಲ ಇದೆ, ಅದೇ ತೊಂದರೆ

ವರ್ಡ್‌ನ ಹೋಮ್ ಟ್ಯಾಬ್‌ನಲ್ಲಿ ಬಲಗಡೆ ಸ್ಟೈಲ್ ಗ್ಯಾಲರಿ ಇದೆ. ಅದನ್ನು ಬಿಚ್ಚಿ ನೋಡಿ, ಹತ್ತು ಹದಿನೈದು ಹೆಸರು ಸಾಲಾಗಿ ನಿಂತಿರುತ್ತವೆ. ಅದರಲ್ಲಿ 'ಸಟಲ್ ಎಂಫಸಿಸ್', 'ಎಂಫಸಿಸ್', 'ಇಂಟೆನ್ಸ್ ಎಂಫಸಿಸ್' ಅಂತ ಮೂರು. ಜೊತೆಗೆ 'ಸ್ಟ್ರಾಂಗ್' ಬೇರೆ. ಒಂದು ಪದವನ್ನು ಒತ್ತಿ ಹೇಳಬೇಕಾದವನು ಮೆಲ್ಲಗೆ ಒತ್ತಬೇಕಾ, ಜೋರಾಗಿ ಒತ್ತಬೇಕಾ ಅಂತ ಯೋಚಿಸುತ್ತಾ ಕೂರಬೇಕು. ಯಾರೂ ಕೂರುವುದಿಲ್ಲ. ಬೋಲ್ಡ್ ಒತ್ತಿ ಮುಂದೆ ಹೋಗುತ್ತಾರೆ.

ಹಾಗಾಗಿ ವರ್ಡ್‌ನಲ್ಲಿ ಮೊದಲ ಕೆಲಸ ಗುಡಿಸುವುದು. ಬೇಡದ ಸ್ಟೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, 'ರಿಮೂವ್ ಫ್ರಮ್ ಸ್ಟೈಲ್ ಗ್ಯಾಲರಿ' ಕೊಡಿ. ಸ್ಟೈಲ್ ಅಳಿದು ಹೋಗುವುದಿಲ್ಲ, ಕಣ್ಣೆದುರಿಂದ ಸರಿಯುತ್ತದೆ ಅಷ್ಟೇ. ಐದಾರು ಉಳಿಸಿಕೊಳ್ಳಿ. ಈ ಎರಡು ನಿಮಿಷದ ಕೆಲಸದಿಂದಲೇ ಅರ್ಧ ಹೆದರಿಕೆ ಹೋಗುತ್ತದೆ.

ಎರಡನೆಯದು ನಾನು ಎಲ್ಲರಿಗೂ ಹೇಳಿಕೊಡುವ ಒಂದೇ ಒಂದು ಉಪಾಯ. ಹೆಡಿಂಗ್ ಟೈಪ್ ಮಾಡಿ. ಕರ್ಸರ್ ಆ ಸಾಲಿನಲ್ಲೇ ಇರಲಿ. ಕಂಟ್ರೋಲ್, ಆಲ್ಟ್, 1 ಒಟ್ಟಿಗೆ ಒತ್ತಿ. ಹೆಡಿಂಗ್ 1 ಕೂತಿತು. ನೋಡಲು ಚೆನ್ನಾಗಿಲ್ಲ, ಅಲ್ವಾ? ಈಗ ನಿಮ್ಮ ಹಳೇ ಅಭ್ಯಾಸದಂತೆಯೇ ಆ ಸಾಲನ್ನು ಸೆಲೆಕ್ಟ್ ಮಾಡಿ, ಸೈಜ್ ಬದಲಿಸಿ, ಬಣ್ಣ ಬದಲಿಸಿ, ಬೇಕಾದ ಫಾಂಟ್ ಹಾಕಿ. ಸೆಲೆಕ್ಷನ್ ಹಾಗೇ ಇರಲಿ. ಗ್ಯಾಲರಿಯ 'ಹೆಡಿಂಗ್ 1' ಮೇಲೆ ರೈಟ್ ಕ್ಲಿಕ್. ಮೊದಲ ಸಾಲಿನಲ್ಲೇ 'ಅಪ್‌ಡೇಟ್ ಹೆಡಿಂಗ್ 1 ಟು ಮ್ಯಾಚ್ ಸೆಲೆಕ್ಷನ್' ಅಂತ ಇರುತ್ತೆ. ಒತ್ತಿ. ಫೈಲ್‌ನಲ್ಲಿರುವ ಎಲ್ಲ ಹೆಡಿಂಗ್ 1 ಒಂದೇ ಏಟಿಗೆ ಹಾಗೇ ಆಗುತ್ತವೆ. ಸ್ಟೈಲ್ ತಿದ್ದುವ ಡಯಲಾಗ್ ಬಾಕ್ಸ್ ತೆರೆದು 'ಬೇಸ್ಡ್ ಆನ್' ಅಂದರೇನು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೈಕೆಲಸ ಬಲ್ಲವರಿಗೆ ಇದು ಅದೇ ಕೈಕೆಲಸ, ಕೊನೆಗೆ ಒಂದು ಕ್ಲಿಕ್ ಜಾಸ್ತಿ.

ಆ ಡಯಲಾಗ್ ಬಾಕ್ಸ್ ತೆರೆದೇ ತೆರೆದರೆ ಅಲ್ಲಿ 'ಆಟೊಮ್ಯಾಟಿಕಲಿ ಅಪ್‌ಡೇಟ್' ಎಂಬ ಟಿಕ್ ಗುರುತು ಇದೆ. ಹೆಸರು ಕೇಳಿದರೆ ಒಳ್ಳೆಯದೇ ಅನಿಸುತ್ತೆ. ಹಾಕಬೇಡಿ. ಹಾಕಿದರೆ, ಯಾರೋ ಒಂದು ಹೆಡಿಂಗನ್ನು ಸುಮ್ನೆ ಮಧ್ಯಕ್ಕೆ ತಂದರೂ ಆ ಸ್ಟೈಲ್‌ನ ಎಲ್ಲ ಹೆಡಿಂಗ್‌ಗಳೂ ಮಧ್ಯಕ್ಕೆ ಬಂದು ನಿಲ್ಲುತ್ತವೆ. ಯಾಕೆ ಹೀಗಾಯಿತು ಅಂತ ಹುಡುಕಿದರೂ ಸಿಗುವುದಿಲ್ಲ.

ಕೈಕೆಲಸ ಕಾಣುವ ವಿಷಯದಲ್ಲಿ ವರ್ಡ್ ನನಗೆ ಇಷ್ಟವಿಲ್ಲ. ಒಂದು ಪ್ಯಾರಾದಲ್ಲಿ ಎರಡು ಪದ ಬೋಲ್ಡ್ ಇದ್ದು ನೀವು ಸ್ಟೈಲ್ ಹಾಕಿದರೆ ಆ ಬೋಲ್ಡ್ ಉಳಿಯುತ್ತದೆ. ಪ್ಯಾರಾದ ಅರ್ಧಕ್ಕಿಂತ ಜಾಸ್ತಿ ಭಾಗ ಬೋಲ್ಡ್ ಇದ್ದರೆ ಅಳಿಯುತ್ತದೆ. ಇದರ ಹಿಂದೆ ತರ್ಕ ಇದೆ: ಎರಡು ಪದ ಅಂದರೆ ಬೇಕಂತಲೇ ಒತ್ತಿ ಹೇಳಿದ್ದು, ಪೂರ್ತಿ ಪ್ಯಾರಾ ಅಂದರೆ ಹಳೇ ವೇಷ. ಆದರೆ ಇದನ್ನು ಬಳಸುವವರಿಗೆ ಯಾರೂ ಹೇಳುವುದಿಲ್ಲ. ಹಾಗಾಗಿ "ಒಂದೊಂದು ಸಲ ಒಂದೊಂದು ಥರ ಆಡುತ್ತೆ ಕಣ್ರೀ" ಅಂತ ಜನ ಸ್ಟೈಲ್ ಸಹವಾಸವೇ ಬೇಡ ಅಂತ ಬಿಡುತ್ತಾರೆ. ಎರಡು ಶಾರ್ಟ್‌ಕಟ್ ನೆನಪಿಟ್ಟುಕೊಂಡರೆ ಸಾಕು. ಕಂಟ್ರೋಲ್ ಮತ್ತು ಸ್ಪೇಸ್ ಬಾರ್ ಒತ್ತಿದರೆ ಸೆಲೆಕ್ಟ್ ಆದ ಅಕ್ಷರಗಳ ಮೇಲಿನ ಕೈಕೆಲಸ ಹೋಗುತ್ತದೆ. ಕಂಟ್ರೋಲ್ ಮತ್ತು ಕ್ಯೂ ಒತ್ತಿದರೆ ಪ್ಯಾರಾದ ಅಂತರ, ಅಂಚು ಇತ್ಯಾದಿ ಕೈಕೆಲಸ ಹೋಗುತ್ತದೆ. ಉಳಿಯುವುದು ಸ್ಟೈಲ್ ಮಾತ್ರ.

ಹೆಡಿಂಗ್ ಹಾಕಿದ್ದಕ್ಕೆ ವರ್ಡ್ ಕೊಡುವ ಬಹುಮಾನ ನ್ಯಾವಿಗೇಷನ್ ಪೇನ್. ವ್ಯೂ ಟ್ಯಾಬ್‌ನಲ್ಲಿ ಟಿಕ್ ಮಾಡಿದರೆ ಎಡಗಡೆ ಹೆಡಿಂಗ್‌ಗಳ ಪಟ್ಟಿ ಬರುತ್ತದೆ. ಅದರಲ್ಲಿ ಒಂದು ಹೆಡಿಂಗನ್ನು ಹಿಡಿದು ಮೇಲೆ ಎಳೆದರೆ ಅದರ ಕೆಳಗಿನ ಪ್ಯಾರಾ, ಚಿತ್ರ ಎಲ್ಲ ಒಟ್ಟಿಗೆ ಮೇಲೆ ಹೋಗುತ್ತವೆ. ಕಟ್ ಇಲ್ಲ, ಪೇಸ್ಟ್ ಇಲ್ಲ. ಸ್ಟೈಲ್ ಬಗ್ಗೆ ಅರ್ಧ ಗಂಟೆ ಪಾಠ ಮಾಡುವುದಕ್ಕಿಂತ ಇದನ್ನು ಒಮ್ಮೆ ಮಾಡಿ ತೋರಿಸುವುದು ಮೇಲು.

ರೈಟರ್: ಕೈಕೆಲಸವನ್ನು ಬಯಲಿಗೆ ಎಳೆಯುವುದು

ಲಿಬ್ರೆ ಆಫೀಸ್‌ನ ರೈಟರ್ ಉಚಿತ. ಎಫ್ 11 ಒತ್ತಿದರೆ ಬಲಗಡೆ ಸ್ಟೈಲ್‌ಗಳ ಪಟ್ಟಿ ತೆರೆಯುತ್ತದೆ. ಮೊದಲ ನೋಟಕ್ಕೆ ಇದು ವರ್ಡ್‌ಗಿಂತ ಭಯಾನಕ. ಪ್ಯಾರಾ, ಅಕ್ಷರ, ಫ್ರೇಮ್, ಪುಟ, ಪಟ್ಟಿ, ಟೇಬಲ್ ಅಂತ ಆರು ಬಗೆ. ಒಂದೊಂದರಲ್ಲೂ ಉದ್ದುದ್ದ ಹೆಸರುಗಳು. ಆದರೆ ಕೆಳಗಡೆ ಒಂದು ಡ್ರಾಪ್‌ಡೌನ್ ಇದೆ. ಅದರಲ್ಲಿ 'ಅಪ್ಲೈಡ್ ಸ್ಟೈಲ್ಸ್' ಆರಿಸಿದರೆ ಈ ಫೈಲ್‌ನಲ್ಲಿ ಬಳಸಿದ್ದು ಮಾತ್ರ ಉಳಿಯುತ್ತದೆ. ಮೊದಲೇ ಅದನ್ನು ಮಾಡಿ.

ಶಾರ್ಟ್‌ಕಟ್ ವರ್ಡ್‌ಗಿಂತ ಸಲೀಸು. ಕಂಟ್ರೋಲ್ 1 ಅಂದರೆ ಹೆಡಿಂಗ್ 1, ಕಂಟ್ರೋಲ್ 2 ಅಂದರೆ ಹೆಡಿಂಗ್ 2, ಕಂಟ್ರೋಲ್ 0 ಅಂದರೆ ಮಾಮೂಲಿ ಪ್ಯಾರಾ. ಕೈಕೆಲಸ ತೆಗೆಯಲು ಕಂಟ್ರೋಲ್ ಎಂ. ಇಲ್ಲಿ ಒಂದು ಸೂಕ್ಷ್ಮ ಇದೆ. ಹೊಸ ಫೈಲ್ 'ಡಿಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲ್' ಎಂಬುದರಲ್ಲಿ ತೆರೆಯುತ್ತದೆ. ಅದು ಬಹುತೇಕ ಎಲ್ಲ ಸ್ಟೈಲ್‌ಗಳ ತಾಯಿ ಬೇರು. ಅದರಲ್ಲೇ ಬರೆದು, ಆಮೇಲೆ ಪ್ಯಾರಾಗಳ ಅಂತರ ಹೆಚ್ಚಿಸಲು ಅದನ್ನು ಮುಟ್ಟಿದರೆ ಹೆಡರ್, ಫುಟರ್, ಟೇಬಲ್ ಒಳಗಿನ ಅಕ್ಷರದವರೆಗೆ ಎಲ್ಲೆಲ್ಲೋ ಅಲುಗಾಡುತ್ತದೆ. ಬರೆಯಲು 'ಬಾಡಿ ಟೆಕ್ಸ್ಟ್' ಬಳಸಿ. ಕಂಟ್ರೋಲ್ 0 ಕೊಡುವುದು ಅದನ್ನೇ.

ನಾನು ರೈಟರ್‌ಗೆ ಸೋತಿದ್ದು ಸ್ಪಾಟ್‌ಲೈಟ್ ಎಂಬ ಸೌಲಭ್ಯಕ್ಕೆ. 2023ರಲ್ಲಿ ಬಂದ 7.6 ಆವೃತ್ತಿಯಿಂದ ಇದೆ. ಸ್ಟೈಲ್ ಪಟ್ಟಿಯ ಕೆಳಗಿರುವ 'ಸ್ಪಾಟ್‌ಲೈಟ್' ಟಿಕ್ ಮಾಡಿ. ಪುಟದ ಪಕ್ಕದಲ್ಲಿ ಒಂದೊಂದು ಪ್ಯಾರಾಕ್ಕೂ ಒಂದು ಬಣ್ಣದ ಚೌಕ, ಒಳಗೆ ಒಂದು ಸಂಖ್ಯೆ. ಪಟ್ಟಿಯಲ್ಲಿ ಯಾವ ಸ್ಟೈಲ್ ಎದುರು ಅದೇ ಬಣ್ಣ, ಅದೇ ಸಂಖ್ಯೆ ಇದೆಯೋ ಅದು ಈ ಪ್ಯಾರಾದ ಸ್ಟೈಲ್. ಚೌಕದ ಮೇಲೆ ಓರೆ ಗೆರೆಗಳಿದ್ದರೆ ಅಲ್ಲಿ ಸ್ಟೈಲ್ ಮೇಲೆ ಯಾರೋ ಕೈಕೆಲಸ ಮಾಡಿದ್ದಾರೆ. ಇಪ್ಪತ್ತು ಪುಟವನ್ನು ಸರಸರ ಸರಿಸಿಕೊಂಡು ಹೋದರೂ ಎಲ್ಲಿ ಗಲೀಜಾಗಿದೆ ಅಂತ ಕಣ್ಣಿಗೆ ಹೊಡೆಯುತ್ತದೆ. ಬೇರೆಯವರು ಬರೆದದ್ದನ್ನು ತಿದ್ದುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ.

ಪುಟಕ್ಕೂ ಸ್ಟೈಲ್ ಇರುವುದು ರೈಟರ್‌ನ ಇನ್ನೊಂದು ವಿಶೇಷ. ಉದ್ದ ಪುಟಗಳ ಮಧ್ಯೆ ಒಂದು ದೊಡ್ಡ ಟೇಬಲ್‌ಗಾಗಿ ಅಡ್ಡ ಪುಟ ಬೇಕು ಅನ್ನಿ. ಇಲ್ಲಿ 'ಲ್ಯಾಂಡ್‌ಸ್ಕೇಪ್' ಎಂಬ ಪುಟ ಸ್ಟೈಲ್ ಕೊಟ್ಟು ಬ್ರೇಕ್ ಹಾಕಿದರೆ ಆಯಿತು. ವರ್ಡ್‌ನಲ್ಲಿ ಇದಕ್ಕೆ ಫೈಲನ್ನು ಭಾಗ ಮಾಡುವ ಸೆಕ್ಷನ್ ಬ್ರೇಕ್ ಹಾಕಬೇಕು. ಸೆಕ್ಷನ್ ಬ್ರೇಕ್ ಅಳಿಸಿ ಹೆಡರ್‌ಗಳನ್ನೆಲ್ಲ ಕಳೆದುಕೊಂಡವರಿಗೆ ಅದರ ರುಚಿ ಗೊತ್ತು.

ಗೂಗಲ್ ಡಾಕ್ಸ್: ಬಡತನವೇ ವರ

ಡಾಕ್ಸ್‌ನ ಸ್ಟೈಲ್ ಮೆನುವಿನಲ್ಲಿ ಇರುವುದು ಒಂಬತ್ತು ಹೆಸರು. ನಾರ್ಮಲ್ ಟೆಕ್ಸ್ಟ್, ಟೈಟಲ್, ಸಬ್‌ಟೈಟಲ್, ಆರು ಹೆಡಿಂಗ್. ಮುಗೀತು. ನಿಮ್ಮದೇ ಹೆಸರಿನ ಹೊಸ ಸ್ಟೈಲ್ ಮಾಡಲು ಆಗುವುದಿಲ್ಲ. ಪದಗಳಿಗೆ ಪ್ರತ್ಯೇಕ ಸ್ಟೈಲ್ ಇಲ್ಲ. ಪುಸ್ತಕ ಮಾಡುವವರು ಇದನ್ನು ಕೇಳಿ ಮೂಗು ಮುರಿಯುತ್ತಾರೆ. ಆದರೆ ಸ್ಟೈಲ್ ಅಂದರೇನು ಅಂತ ಗೊತ್ತೇ ಇಲ್ಲದವರನ್ನು ಡಾಕ್ಸ್ ಮುಂದೆ ಕೂರಿಸಿ ನೋಡಿ. ಕಳೆದುಹೋಗಲು ಜಾಗವೇ ಇಲ್ಲದ ಕಡೆ ಯಾರೂ ಕಳೆದುಹೋಗುವುದಿಲ್ಲ.

ಹೆಡಿಂಗ್ ಹಾಕಿದ ಕೂಡಲೇ ಎಡಗಡೆ ಔಟ್‌ಲೈನ್‌ನಲ್ಲಿ ಅದರ ಹೆಸರು ಬರುತ್ತದೆ. ಸ್ಟೈಲ್ ಹಾಕಿದ್ದರ ಫಲ ಅಲ್ಲೇ ಕಾಣುತ್ತದೆ. ಎಲ್ಲ ಕಡೆ ಹರಡುವ ಉಪಾಯ ಇಲ್ಲೂ ಅದೇ: ಒಂದು ಹೆಡಿಂಗನ್ನು ಬೇಕಾದಂತೆ ಮಾಡಿ, ಮೆನುವಿನಲ್ಲಿ 'ಹೆಡಿಂಗ್ 1' ಪಕ್ಕದ ಬಾಣ ಒತ್ತಿ, 'ಅಪ್‌ಡೇಟ್ ಹೆಡಿಂಗ್ 1 ಟು ಮ್ಯಾಚ್' ಕೊಡಿ. ಅದೇ ಮೆನುವಿನ ಕೊನೆಯಲ್ಲಿ 'ಆಪ್ಷನ್ಸ್' ಒಳಗೆ 'ಸೇವ್ ಆ್ಯಸ್ ಮೈ ಡಿಫಾಲ್ಟ್ ಸ್ಟೈಲ್ಸ್' ಇದೆ. ಒಮ್ಮೆ ಒತ್ತಿದರೆ ಮುಂದಿನ ಹೊಸ ಫೈಲ್‌ಗಳೆಲ್ಲ ಅದೇ ವೇಷದಲ್ಲಿ ಹುಟ್ಟುತ್ತವೆ. ಹೆಚ್ಚಿನವರು ಆ ಮೆನುವಿನ ತಳದವರೆಗೆ ಹೋಗುವುದೇ ಇಲ್ಲ.

ಉಲ್ಲೇಖಕ್ಕೆ, ಟಿಪ್ಪಣಿಗೆ, ಚಿತ್ರದ ಕೆಳಗಿನ ಸಾಲಿಗೆ ಸ್ಟೈಲ್ ಇಲ್ಲದಿರುವುದು ನಿಜವಾದ ಕೊರತೆ. ಒಮ್ಮೆ ನಾನು ಜಾಣತನ ತೋರಿಸಲು ಹೋಗಿ ಹೆಡಿಂಗ್ 6ನ್ನೇ ಉಲ್ಲೇಖದ ಥರ ಮಾಡಿಕೊಂಡೆ. ಚೆನ್ನಾಗೇ ಕಂಡಿತು. ಔಟ್‌ಲೈನ್ ತೆರೆದರೆ ಅಧ್ಯಾಯಗಳ ಮಧ್ಯೆ ಉಲ್ಲೇಖಗಳೂ ಸಾಲುಗಟ್ಟಿ ಕೂತಿದ್ದವು. ನೀವು ಹಾಗೆ ಮಾಡಬೇಡಿ. ಉಲ್ಲೇಖಗಳು ಹತ್ತರೊಳಗಿದ್ದರೆ ಕೈಕೆಲಸ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಡಾಕ್ಸ್ ನಿಮ್ಮ ಜಾಗ ಅಲ್ಲ.

ಪೇಜಸ್: ಒಂದು ನಕ್ಷತ್ರದ ಪ್ರಾಮಾಣಿಕತೆ

ಹೆಚ್ಚಾಗಿ ಆ್ಯಪಲ್ ಉಪಕರಣ ಇರುವವರಿಗೆ ಇದರ ಪ್ರಶ್ನೆ, ಬೇಗ ಮುಗಿಸುತ್ತೇನೆ. ಪೇಜಸ್‌ನಲ್ಲಿ ಬಲಗಡೆಯ ಫಾರ್ಮ್ಯಾಟ್ ಪಟ್ಟಿಯ ತಲೆಯಲ್ಲೇ ಸ್ಟೈಲ್ ಹೆಸರು ಇರುತ್ತದೆ. ಹೆಡಿಂಗ್‌ನ ಬಣ್ಣ ಕೈಯಿಂದ ಬದಲಿಸಿದ ಕೂಡಲೇ ಆ ಹೆಸರಿನ ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆ, ಜೊತೆಗೆ 'ಅಪ್‌ಡೇಟ್' ಬಟನ್. ನೀವು ಸ್ಟೈಲ್ ಬಿಟ್ಟು ಆಚೆ ಹೋಗಿದ್ದೀರಿ ಅಂತ ನಕ್ಷತ್ರ ಹೇಳುತ್ತದೆ. ಎಲ್ಲವನ್ನೂ ಹೀಗೇ ಮಾಡಲಾ ಅಂತ ಬಟನ್ ಕೇಳುತ್ತದೆ. ರೈಟ್ ಕ್ಲಿಕ್ ಒಳಗೆ ಬಚ್ಚಿಟ್ಟಿಲ್ಲ, ಮೆನು ಹುಡುಕಬೇಕಿಲ್ಲ. ಇಷ್ಟು ಸಣ್ಣ ವಿಷಯವನ್ನು ವರ್ಡ್ ಮಾಡಿದ್ದರೆ ನನ್ನ ಎಷ್ಟೋ ಸಂಜೆಗಳು ಉಳಿಯುತ್ತಿದ್ದವು.

ಹ್ಯಾಷ್ ಹಾಕಿ ಬರೆಯುವುದು

ಇನ್ನೊಂದು ದಾರಿ ಮಾರ್ಕ್‌ಡೌನ್, ಅಂದರೆ ಸಾದಾ ಅಕ್ಷರಗಳ ಮಧ್ಯೆ ಚಿಹ್ನೆ ಹಾಕಿ ಬರೆಯುವ ಪದ್ಧತಿ. 2004ರಲ್ಲಿ ಜಾನ್ ಗ್ರೂಬರ್ ಶುರು ಮಾಡಿದ್ದು. ಸಾಲಿನ ಮೊದಲು ಒಂದು ಹ್ಯಾಷ್ (#) ಚಿಹ್ನೆ, ಒಂದು ಸ್ಪೇಸ್ ಹಾಕಿದರೆ ಹೆಡಿಂಗ್ 1. ಎರಡು ಹ್ಯಾಷ್ ಹಾಕಿದರೆ ಹೆಡಿಂಗ್ 2. ಫಾಂಟ್ ಇಲ್ಲ, ಸೈಜ್ ಇಲ್ಲ, ಬಣ್ಣವಂತೂ ಇಲ್ಲವೇ ಇಲ್ಲ. ಕೈಕೆಲಸ ಮಾಡುವ ಆಸೆಗೆ ಬೇರು ಸಮೇತ ಕತ್ತರಿ. ಡಾಕ್ಸ್‌ನಲ್ಲೂ ಟೂಲ್ಸ್ ಮೆನುವಿನ ಪ್ರಿಫರೆನ್ಸಸ್‌ಗೆ ಹೋಗಿ ಮಾರ್ಕ್‌ಡೌನ್ ಆನ್ ಮಾಡಿಕೊಂಡರೆ ಹ್ಯಾಷ್ ಒತ್ತಿಯೇ ಹೆಡಿಂಗ್ ತರಬಹುದು. ಕೀಬೋರ್ಡ್‌ನಿಂದ ಕೈ ಎತ್ತದೆ ಬರೆಯುವವರಿಗೆ ಒಳ್ಳೆಯದು. ಟೇಬಲ್, ಪುಟ ಸಂಖ್ಯೆ, ಅಂಚು ಎಲ್ಲ ಲೆಕ್ಕ ಹಾಕುವ ವರದಿಗೆ ಬೇಡ.

ಕನ್ನಡ ಅಕ್ಷರ ಬಂದಾಗ

ಹೆಡಿಂಗ್ 1 ಸ್ಟೈಲ್‌ನ ಸೈಜ್ 20 ಮಾಡಿದ್ದೀರಿ. ಹೆಡಿಂಗ್‌ನಲ್ಲಿರುವ ಇಂಗ್ಲಿಷ್ ಪದ ದೊಡ್ಡದಾಯಿತು, ಕನ್ನಡ ಹಾಗೇ ಕೂತಿದೆ. ಇದು ನಿಮ್ಮ ತಪ್ಪಲ್ಲ. ವರ್ಡ್ ಮತ್ತು ರೈಟರ್ ಎರಡೂ ಕನ್ನಡವನ್ನು 'ಕಾಂಪ್ಲೆಕ್ಸ್' ಲಿಪಿಗಳ ಗುಂಪಿಗೆ ಸೇರಿಸುತ್ತವೆ. ಆ ಗುಂಪಿನ ಫಾಂಟ್, ಸೈಜ್, ಬೋಲ್ಡ್ ಎಲ್ಲ ಬೇರೆ ಖಾತೆ. ವರ್ಡ್‌ನಲ್ಲಿ ಸ್ಟೈಲ್ ತಿದ್ದುವಾಗ 'ಫಾರ್ಮ್ಯಾಟ್' ಒಳಗಿನ 'ಫಾಂಟ್'ಗೆ ಹೋಗಿ, 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಎಂಬ ಭಾಗದಲ್ಲಿ ಕೊಡಬೇಕು. ರೈಟರ್‌ನಲ್ಲಿ ಆಪ್ಷನ್ಸ್‌ನ ಭಾಷೆಗಳ ಪುಟದಲ್ಲಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಆನ್ ಇದ್ದರೆ ಸ್ಟೈಲ್‌ನ ಫಾಂಟ್ ಟ್ಯಾಬ್‌ನಲ್ಲಿ ಅದಕ್ಕೆ ಬೇರೆ ಜಾಗ ಕಾಣುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ 'ಸ್ಟೈಲ್ ಕನ್ನಡಕ್ಕೆ ಕೆಲಸ ಮಾಡಲ್ಲ' ಅಂತ ತೀರ್ಮಾನಿಸಿ ಕೈಕೆಲಸಕ್ಕೆ ವಾಪಸ್ ಹೋಗಿದ್ದಾರೆ.

ಸಾಲಿನ ಅಂತರವನ್ನು 'ಎಕ್ಸಾಕ್ಟ್ಲಿ' ಅಂತ ಇಷ್ಟೇ ಪಾಯಿಂಟ್ ಎಂದು ಕಟ್ಟಿಹಾಕಬೇಡಿ. ಜಾಗ ಸಾಲದೆ ಹೋದರೆ 'ಸ್ತ್ರೀ', 'ರಾಷ್ಟ್ರ' ಇಂಥ ಪದಗಳ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. 'ಮಲ್ಟಿಪಲ್' ಆರಿಸಿ 1.2ರಿಂದ 1.4ರ ಒಳಗೆ ಇಡಿ.

ಇನ್ನು 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫೈಲ್‌ಗಳು, ಅಂದರೆ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಪದ್ಧತಿ) ಬಳಸದವು. ಅವುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳು, ಫಾಂಟ್ ಅವಕ್ಕೆ ಕನ್ನಡದ ಮುಖವಾಡ ಹಾಕಿರುತ್ತದೆ. ಸ್ಟೈಲ್ ಹಾಕಿದ ಕೂಡಲೇ ಅಥವಾ ಕಂಟ್ರೋಲ್ ಸ್ಪೇಸ್ ಒತ್ತಿದ ಕೂಡಲೇ ಮುಖವಾಡ ಕಳಚಿ ಪುಟದ ತುಂಬ ಗೀಚು ಅಕ್ಷರ ಕಾಣುತ್ತದೆ. ಹೆದರಬೇಡಿ, ಕಂಟ್ರೋಲ್ ಝಡ್ ಒತ್ತಿದರೆ ವಾಪಸ್ ಬರುತ್ತೆ. ಆದರೆ ಅಂಥ ಫೈಲ್ ಅನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಸ್ಟೈಲ್ ಹಾಕಿ. ಕ್ರಮ ತಪ್ಪಿದರೆ ಎರಡು ಸಲ ಕೆಲಸ.

ಹಾಗಾದರೆ ಯಾವುದು?

ಒಬ್ಬರೇ ಬರೆಯುವುದು, ಹತ್ತಿಪ್ಪತ್ತು ಪುಟ, ಸ್ಟೈಲ್ ಎಂಬ ಪದವೇ ಹೊಸದು: ಡಾಕ್ಸ್. ಯೋಚಿಸುವ ಹಾಗೇ ಇಲ್ಲ. ಆ್ಯಪಲ್ ಇದ್ದರೆ ಪೇಜಸ್ ಅಷ್ಟೇ ಒಳ್ಳೆಯದು, ಒಂದು ಕೈ ಮೇಲು ಅಂತಲೂ ಹೇಳುತ್ತೇನೆ.

ಪುಸ್ತಕ, ಪ್ರಬಂಧ, ಕೈಪಿಡಿ ಥರದ ಉದ್ದನೆಯ ಕೆಲಸ, ಪೂರ್ತಿ ನಿಮ್ಮದೇ ಜವಾಬ್ದಾರಿ ಅನ್ನುವುದಾದರೆ ರೈಟರ್. ಮೊದಲ ವಾರ ಕಿರಿಕಿರಿ ಆಗುತ್ತದೆ. ಅದನ್ನು ದಾಟಿದರೆ ಪುಟ ಸ್ಟೈಲ್, ಸ್ಪಾಟ್‌ಲೈಟ್ ಎರಡೇ ಸಾಕು ನಿಮ್ಮನ್ನು ಅಲ್ಲೇ ಉಳಿಸಲು. ಆದರೆ ಆ ಫೈಲ್ ವರ್ಡ್ ಬಳಸುವವರ ಜೊತೆ ದಿನಾ ಹೋಗಿ ಬಂದು ಮಾಡುವುದಾದರೆ ವರ್ಡ್‌ನಲ್ಲೇ ಇರಿ. ಯಾವ ಕಡೆಯಿಂದ ಯಾವ ಕಡೆಗೆ ಹೋಗುವುದಾದರೂ 'ಹೆಡಿಂಗ್ 1', 'ಹೆಡಿಂಗ್ 2' ಥರದ ಸಾಫ್ಟ್‌ವೇರ್‌ನದೇ ಹೆಸರುಗಳನ್ನು ಬಳಸಿ. ಅವುಗಳ ಗುರುತು ಎಲ್ಲ ಕಡೆ ಸಿಗುತ್ತದೆ. ನೀವು ಪ್ರೀತಿಯಿಂದ 'ನನ್ನ ಅಧ್ಯಾಯ ಹೆಡಿಂಗ್' ಅಂತ ಹೆಸರಿಟ್ಟದ್ದಕ್ಕೆ ಡಾಕ್ಸ್‌ನ ಮೆನುವಿನಲ್ಲಿ ಜಾಗವಿಲ್ಲ.

ಐದಾರು ಜನ ಕೈ ಹಾಕುವ ಕೆಲಸಕ್ಕೆ ನನ್ನ ಉತ್ತರ ಬೇರೆ. ಎಲ್ಲರಿಗೂ ಸ್ಟೈಲ್ ಕಲಿಸಲು ಹೋಗಬೇಡಿ. ಒಬ್ಬರು ಕೂತು ಟೆಂಪ್ಲೇಟ್ (ಸ್ಟೈಲ್‌ಗಳೆಲ್ಲ ಸಿದ್ಧವಿರುವ ಮಾದರಿ ಫೈಲ್) ಮಾಡಿ, ಉಳಿದವರು ಅದರಲ್ಲಿ ತುಂಬಿಸಲಿ. ವರ್ಡ್‌ನಲ್ಲಿ ಫೈಲ್ ಅನ್ನು ಟೆಂಪ್ಲೇಟ್ ಆಗಿ ಸೇವ್ ಮಾಡಿದರೆ ಡಬಲ್ ಕ್ಲಿಕ್ ಮಾಡಿದಾಗ ಅದು ಹೊಸ ಫೈಲ್ ಆಗಿ ತೆರೆಯುತ್ತದೆ, ಮೂಲಕ್ಕೆ ಏನೂ ಆಗುವುದಿಲ್ಲ. ಇನ್ನೂ ಬಿಗಿ ಬೇಕಾದರೆ ರಿವ್ಯೂ ಟ್ಯಾಬ್‌ನ 'ರಿಸ್ಟ್ರಿಕ್ಟ್ ಎಡಿಟಿಂಗ್' ಒಳಗೆ, ಫಾರ್ಮ್ಯಾಟಿಂಗನ್ನು ಆಯ್ದ ಸ್ಟೈಲ್‌ಗಳಿಗೆ ಮಾತ್ರ ಸೀಮಿತ ಮಾಡುವ ಆಯ್ಕೆ ಇದೆ. ಆಮೇಲೆ ಬೋಲ್ಡ್, ಬಣ್ಣದ ಬಟನ್‌ಗಳು ಮಸುಕಾಗಿ ಕೂರುತ್ತವೆ. ಮೊದಲ ದಿನ ಫೋನ್ ಬರುತ್ತವೆ, ತಯಾರಾಗಿರಿ.

ಯಾವುದನ್ನೇ ಆರಿಸಿ, ಪೇಸ್ಟ್ ಮಾಡುವಾಗ ಹುಷಾರು. ಬೇರೆ ಫೈಲ್‌ನಿಂದ, ವೆಬ್ ಪುಟದಿಂದ ತಂದ ಪ್ಯಾರಾ ತನ್ನ ಊರಿನ ಫಾಂಟ್, ಬಣ್ಣ, ಅಂತರ ಎಲ್ಲವನ್ನೂ ಮೂಟೆ ಕಟ್ಟಿಕೊಂಡು ಬರುತ್ತದೆ. ಬರೀ ಅಕ್ಷರ ಬೇಕು ಅಂದರೆ ಡಾಕ್ಸ್‌ನಲ್ಲಿ ಮತ್ತು ಹೊಸ ವರ್ಡ್‌ನಲ್ಲಿ ಕಂಟ್ರೋಲ್ ಶಿಫ್ಟ್ ವಿ, ರೈಟರ್‌ನಲ್ಲಿ ಜೊತೆಗೆ ಆಲ್ಟ್ ಕೂಡ. ಈ ಒಂದು ಅಭ್ಯಾಸ ಬಂದರೆ ಕೈಕೆಲಸದ ಕಸ ಬಹಳಷ್ಟು ಕಡಿಮೆಯಾಗುತ್ತದೆ.

ಹಾಳಾದ ಫೈಲ್ ಆಗಲೇ ಕೈಯಲ್ಲಿದ್ದರೆ

ಆ 140 ಪುಟದ ಕಥೆಗೆ ಬರುತ್ತೇನೆ. ವರ್ಡ್‌ನಲ್ಲಿ ಹೋಮ್ ಟ್ಯಾಬ್‌ನ ಕೊನೆಗೆ 'ಸೆಲೆಕ್ಟ್' ಇದೆ. ಅದರೊಳಗೆ 'ಸೆಲೆಕ್ಟ್ ಟೆಕ್ಸ್ಟ್ ವಿತ್ ಸಿಮಿಲರ್ ಫಾರ್ಮ್ಯಾಟಿಂಗ್'. ಒಂದು ನೀಲಿ ಹೆಡಿಂಗ್‌ನಲ್ಲಿ ಕರ್ಸರ್ ಇಟ್ಟು ಇದನ್ನು ಒತ್ತಿದರೆ ಅದರಂತೆಯೇ ಇರುವುದೆಲ್ಲ ಒಟ್ಟಿಗೆ ಸೆಲೆಕ್ಟ್ ಆಗುತ್ತದೆ. ಹಾಗೇ ಕಂಟ್ರೋಲ್ ಆಲ್ಟ್ 1. ಅರವತ್ತಕ್ಕೂ ಹೆಚ್ಚು ಹೆಡಿಂಗ್ ಒಂದೇ ಸಲಕ್ಕೆ ದಾರಿಗೆ ಬಂದವು. 15 ಸೈಜಿನವು ತಪ್ಪಿಸಿಕೊಂಡವು, ಅವನ್ನು ಇನ್ನೊಂದು ಸುತ್ತಿನಲ್ಲಿ ಹಿಡಿದೆ. ಬೇರೆ ನೀಲಿಯ ಎರಡನ್ನು ಕೈಯಿಂದ. ಆಮೇಲೆ ಫೈಂಡ್ ಆ್ಯಂಡ್ ರಿಪ್ಲೇಸ್‌ನಲ್ಲಿ ಎರಡು ಪ್ಯಾರಾ ಗುರುತು ಹುಡುಕಿ ಒಂದಕ್ಕೆ ಇಳಿಸುತ್ತಾ ಖಾಲಿ ಸಾಲುಗಳನ್ನು ತೆಗೆದೆ. ಹೆಡಿಂಗ್ 1 ಸ್ಟೈಲ್‌ನ ಪ್ಯಾರಾ ಸೆಟ್ಟಿಂಗ್‌ನಲ್ಲಿ 'ಪೇಜ್ ಬ್ರೇಕ್ ಬಿಫೋರ್' ಟಿಕ್ ಮಾಡಿದೆ, ಅಧ್ಯಾಯಗಳು ತಾವಾಗೇ ಹೊಸ ಪುಟಕ್ಕೆ ಹೋದವು. ಕಪ್ಪು ಬಣ್ಣ ಕೊಡಲು ಹಿಡಿದದ್ದು ಮೂರು ಕ್ಲಿಕ್. ಎರಡು ದಿನದಲ್ಲಿ ಹೆಚ್ಚಿನದು ಟೇಬಲ್‌ಗಳ ಒಳಗಿನ ಗಲೀಜಿಗೇ ಹೋಯಿತು.

ಕಳಿಸುವಾಗ ಜೊತೆಗೆ ನಾಲ್ಕು ಸಾಲಿನ ಸೂಚನೆ ಬರೆದೆ: ಹೆಡಿಂಗ್ ಬೇಕಾದರೆ ಕಂಟ್ರೋಲ್ ಆಲ್ಟ್ 1, ಬೋಲ್ಡ್ ಬೇಡ. ವಾರದ ನಂತರ ಫೈಲ್ ಮತ್ತೆ ಬಂತು, ಎರಡು ಹೊಸ ಅಧ್ಯಾಯ ಸೇರಿದ್ದವು. ಮೊದಲನೆಯದರ ಮೇಲೆ ಕರ್ಸರ್ ಇಟ್ಟೆ, 'ಹೆಡಿಂಗ್ 1'. ಎರಡನೆಯದರ ಮೇಲೆ ಇಟ್ಟೆ. ನಾರ್ಮಲ್, ಬೋಲ್ಡ್, 16, ನೀಲಿ.